ಯೇಸುಸ್ವಾಮಿಗೂ ಬಾಯಾರಿತ್ತು

ಅಪ್ಪನಿಗೆ ಪಾರ್ಶ್ವವಾಯು ಹೊಡೆದ ರಾತ್ರಿ ನಾನು ಮನೆಯಲ್ಲೇ ಇದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲಿನ ದಿನಗಳಲ್ಲಿ ನನ್ನನ್ನು ಒಳಗೊಳಗೇ ತಿಂದದ್ದು ಇದೇ.

2025ರ ಫೆಬ್ರವರಿ ಕೊನೆಯ ವಾರ. ರಾತ್ರಿ ಹತ್ತೂವರೆ ಇರಬೇಕು. ಅಪ್ಪ ಬಲಗೈ ಉಜ್ಜಿಕೊಳ್ಳುತ್ತಾ ನನ್ನ ಕೋಣೆಗೆ ಬಂದರು. "ಯಾಕೋ ಕೈ ಜೋಮು ಹಿಡಿದ ಹಾಗಿದೆ ಕಣೋ. ಸ್ವಲ್ಪ ಹೊತ್ತು ಬಂದು ಕೂತ್ಕೋ" ಎಂದರು. ನಾನು ಬೆಳಿಗ್ಗೆಯಿಂದ ಕೆಲಸ ಮಾಡಿ ಸುಸ್ತಾಗಿದ್ದೆ. ಕಣ್ಣು ಎಳೆಯುತ್ತಿತ್ತು. "ಮಲ್ಕೊಳ್ಳಪ್ಪ, ಬೆಳಿಗ್ಗೆ ನೋಡೋಣ" ಎಂದೆ. ಅವರು ಮತ್ತೇನೂ ಹೇಳಲಿಲ್ಲ. ನನ್ನ ಕೋಣೆಯ ಲೈಟ್ ಆರಿಸಿ ಹೋದರು.

ಬೆಳಿಗ್ಗೆ ಐದಕ್ಕೆ ಏನೋ ಬಿದ್ದ ಸದ್ದಾಯಿತು. ಓಡಿ ಹೋದರೆ ಅಪ್ಪ ಮಂಚದ ಪಕ್ಕ ನೆಲದ ಮೇಲಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಬಲಗೈ, ಬಲಗಾಲು ಎರಡೂ ಎತ್ತಲು ಆಗುತ್ತಿರಲಿಲ್ಲ. ಏನೋ ಹೇಳಲು ನೋಡುತ್ತಿದ್ದರು, ಮಾತು ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವಾಗ ಶುರುವಾಯ್ತು?" ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಗಡ್ಡೆ ಕಟ್ಟಿದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾನು ಬೆರಳು ಮಡಚಿ ಎಣಿಸಿದೆ. ಹತ್ತೂವರೆ, ಹನ್ನೊಂದೂವರೆ, ಹನ್ನೆರಡೂವರೆ... ಐದರ ಹೊತ್ತಿಗೆ ನಾಲ್ಕೂವರೆ ಗಂಟೆ ಎಂದೋ ದಾಟಿತ್ತು.

ವಾರ್ಡಿಗೆ ಬಂದ ಮೇಲೆ ಮಂಚದ ತಲೆಯ ಹತ್ತಿರ ಒಂದು ಚೀಟಿ ಅಂಟಿಸಿದರು. ಬಾಯಿಗೆ ಏನೂ ಕೊಡಬಾರದು. ನುಂಗುವ ಶಕ್ತಿ ಹೋಗಿತ್ತು. ಕೊಟ್ಟ ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗುತ್ತದೆ. ಮೂಗಿನಿಂದ ಹೊಟ್ಟೆಯವರೆಗೆ ಒಂದು ಪೈಪು ಹಾಕಿದರು. ಗಂಜಿ, ಹಾಲು, ಮಾತ್ರೆಯ ಪುಡಿ ಎಲ್ಲಾ ಅದರಲ್ಲೇ. ಮೈಗೆ ಬೇಕಾದಷ್ಟು ನೀರೂ ಅದರಲ್ಲೇ ಹೋಗುತ್ತಿತ್ತು. ಬಾಯಿಗೆ ಅದು ಗೊತ್ತಾಗಬೇಕಲ್ಲ? ನಾಲಿಗೆ ಒಣಗಿ ತುಟಿ ಬಿರಿದಿತ್ತು. ಅಪ್ಪ ಎಡಗೈ ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ಎತ್ತಿ ತೋರಿಸುತ್ತಿದ್ದರು. ನೀರು. ನಾನು ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ. ಐದು ನಿಮಿಷ ಬಿಟ್ಟು ಮತ್ತೆ ಹೆಬ್ಬೆರಳು. ಮಾತಿಲ್ಲದ ಮನುಷ್ಯ ದಿನಕ್ಕೆ ನೂರು ಸಲ ಒಂದೇ ಒಂದು ಕೇಳುತ್ತಾನೆ, ಅದನ್ನೇ ಕೊಡುವ ಹಾಗಿಲ್ಲ. ನನ್ನ ಬಾಟಲಿಯನ್ನು ಚೀಲದಲ್ಲಿ ಬಚ್ಚಿಟ್ಟೆ. ಕುಡಿಯಬೇಕಾದರೆ ಕಾರಿಡಾರಿಗೆ ಹೋಗಿ, ಗೋಡೆ ಕಡೆ ತಿರುಗಿ ಕುಡಿಯುತ್ತಿದ್ದೆ.

ಹೀಗಿರುವಾಗ ತಪಸ್ಸುಕಾಲ ಬಂತು, ಪಾಸ್ಖ ಎಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸ, ಪ್ರಾರ್ಥನೆಯ ದಿನಗಳು. ಅದು ಶುರುವಾಗುವ ಬೂದಿ ಬುಧವಾರ ಆ ವರ್ಷ ಮಾರ್ಚ್ 5ಕ್ಕೆ ಬಿದ್ದಿತ್ತು.

ನಮ್ಮದು ಕನಕಪುರದ ಕಡೆಯಿಂದ ಬೆಂಗಳೂರಿಗೆ ಬಂದ ಕಥೋಲಿಕ ಕುಟುಂಬ. ತಪಸ್ಸುಕಾಲ ಎಂದರೆ ಮನೆಯಲ್ಲಿ ಮಾಂಸ ಬಂದ್, ಮದುವೆ ಮಾತು ಬಂದ್, ಶುಕ್ರವಾರ ಸಂಜೆ ಶಿಲುಬೆ ಹಾದಿ, ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ಒಂದೊಂದು ಸ್ಥಳದಲ್ಲಿ ನಿಂತು ನೆನೆಯುವ ಪ್ರಾರ್ಥನೆ. ನಮ್ಮ ಧರ್ಮಕೇಂದ್ರದಲ್ಲಿ ಕನ್ನಡದ ಶಿಲುಬೆ ಹಾದಿಯನ್ನು ಇಪ್ಪತ್ತು ವರ್ಷಕ್ಕೂ ಜಾಸ್ತಿ ನಡೆಸಿಕೊಟ್ಟವರು ಅಪ್ಪನೇ. ಮುಂದೆ ಮಕ್ಕಳು ಶಿಲುಬೆ, ಮೇಣದ ಬತ್ತಿ ಹಿಡಿದು ಹೋಗುತ್ತಿದ್ದರು. ಅಪ್ಪ ಹಿಂದಿನಿಂದ ಓದುತ್ತಿದ್ದರು. ಹದಿನಾಲ್ಕು ಸ್ಥಳಗಳು, ಒಂದೊಂದರಲ್ಲೂ ಮಂಡಿಯೂರುವುದು, ಏಳುವುದು. ಅವರ ಸ್ವರಕ್ಕೆ ಮೈಕ್ ಬೇಕಿರಲಿಲ್ಲ.

ನನಗೆ ಮಾತ್ರ ಒಂದು ತೊಡಕು ಮೊದಲಿಂದಲೂ ಇತ್ತು. ಯೇಸುಸ್ವಾಮಿಯ ಯಾತನೆ ನನ್ನನ್ನು ನಿಜವಾಗಿ ಮುಟ್ಟುತ್ತಿರಲಿಲ್ಲ. ಅವರು ದೇವರಲ್ವಾ, ಮೂರನೆಯ ದಿನ ಏಳುತ್ತೇನೆ ಎಂದು ಗೊತ್ತಿದ್ದವರಲ್ವಾ, ನೋವಾದರೂ ನಮ್ಮ ಹಾಗೆ ಆಗಿರಲಾರದು ಎಂದು ಒಳಗೆಲ್ಲೋ ಕೂತುಬಿಟ್ಟಿತ್ತು. ಇದು ಹೊಸ ಯೋಚನೆಯೇನಲ್ಲ. ಕ್ರಿಸ್ತನು ಮನುಷ್ಯನ ಹಾಗೆ ಕಂಡರು ಅಷ್ಟೆ, ನಿಜವಾದ ಮೈ, ನಿಜವಾದ ನೋವು ಅವರಿಗಿರಲಿಲ್ಲ ಎಂದವರು ಮೊದಲ ಶತಮಾನಗಳಲ್ಲೇ ಇದ್ದರು. ಧರ್ಮಸಭೆ ಅದನ್ನು ಒಪ್ಪಲಿಲ್ಲ. ಕ್ರಿ.ಶ. 451ರಲ್ಲಿ ಖಾಲ್ಸಿಡನ್‌ನಲ್ಲಿ ಸೇರಿದ ಬಿಷಪರ ಮಹಾಸಭೆ ಅವರು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ಖಚಿತವಾಗಿ ಹೇಳಿತು. ಇದನ್ನೆಲ್ಲಾ ನಾನು ಓದಿದ್ದೆ, ಭಾನುವಾರ ಪೂಜೆಯಲ್ಲಿ ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸ ಸಂಗ್ರಹದಲ್ಲಿ ಬಾಯಲ್ಲಿ ಹೇಳುತ್ತಲೂ ಇದ್ದೆ. ಎದೆಯಲ್ಲಿ ಮಾತ್ರ ಆ ಹಳೆಯ ತಪ್ಪೇ ಇತ್ತು.

ಚಿಕ್ಕಂದಿನ ಒಂದು ನೆನಪಿದೆ. ಕನಕಪುರದ ಹತ್ತಿರದ ಹಾರೋಬೆಲೆಯಲ್ಲಿ, ಪಾಸ್ಖ ಹಬ್ಬಕ್ಕೆ ಮುಂಚಿನ ಪವಿತ್ರ ವಾರದಲ್ಲಿ, ಊರಿನವರೇ ಸೇರಿ ಯೇಸುಸ್ವಾಮಿಯ ಯಾತನೆಯ ನಾಟಕ ಆಡುತ್ತಾರೆ. 'ಮಹಿಮೆ' ಎಂದು ಅದರ ಹೆಸರು. ನೂರು ವರ್ಷ ದಾಟಿದ ಪದ್ಧತಿ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ನಾಟಕ ಮುಗಿದ ಮೇಲೆ ಹಿಂದಿನ ಕಡೆ ಹೋದರೆ ಯೇಸುವಿನ ಪಾತ್ರ ಮಾಡಿದವರು ಒಂದು ಕಲ್ಲಿನ ಮೇಲೆ ಕೂತು, ದೊಡ್ಡ ಚೊಂಬು ಎತ್ತಿ ಗಟಗಟ ನೀರು ಕುಡಿಯುತ್ತಿದ್ದರು. ಗಡ್ಡದಿಂದ ನೀರು ಇಳಿಯುತ್ತಿತ್ತು. ನನಗೆ ಅಳುವೇ ಬಂತು. ಯೇಸು ಹೀಗೆ ನೀರು ಕುಡೀತಾರಾ ಎಂದು ಕೇಳಿದೆ. ಅಪ್ಪ ಹೇಳಿದರು, "ಯೇಸುಸ್ವಾಮಿಗೂ ಬಾಯಾರುತ್ತೆ ಕಣೋ." ಆಗ ಆ ಮಾತು ನನಗೆ ಸಮಾಧಾನ ಕೊಡಲಿಲ್ಲ.

ಬೂದಿ ಬುಧವಾರ ಸಂಜೆ ತಮ್ಮನನ್ನು ಅಪ್ಪನ ಹತ್ತಿರ ಬಿಟ್ಟು ಆಸ್ಪತ್ರೆಯ ಪಕ್ಕದ ಚರ್ಚಿಗೆ ಹೋದೆ. ಹೋದ ವರ್ಷದ ಗರಿಗಳ ಭಾನುವಾರ ಕೊಟ್ಟ ಗರಿಗಳನ್ನು ಸುಟ್ಟು ಮಾಡಿದ ಬೂದಿ. ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುತ್ತೀಯ ಎಂದು ಹೇಳಿ ಹಣೆಗೆ ಹಚ್ಚುತ್ತಾರೆ. ಪ್ರತಿ ವರ್ಷ ಅದು ಒಂದು ಮಾತಾಗಿತ್ತು. ಈ ಸಲ ಮಣ್ಣಿನ ಹಾಗೆ ಮಲಗಿದ್ದವರನ್ನು ಬಿಟ್ಟು ಬಂದಿದ್ದೆ. ಕೇಳಲಾರದೆ ಬೇಗ ಎದ್ದು ಬಂದೆ.

ವಾರ್ಡಿಗೆ ಬಂದಾಗ ಅಪ್ಪ ನನ್ನ ಹಣೆಯನ್ನೇ ನೋಡಿದರು. ಎಡಗೈ ಎತ್ತಿದರು. ನೀರು ಕೇಳುತ್ತಿದ್ದಾರೆ ಅಂದುಕೊಂಡು ಇಲ್ಲ ಎನ್ನಲು ಹೊರಟೆ. ಅಲ್ಲ. ಅವರ ಬೆರಳು ನನ್ನ ಹಣೆಗೆ ಬಂತು. ಬೂದಿಯ ಮೇಲೆ ಉಜ್ಜಿದರು, ಸ್ವಲ್ಪ ತೆಗೆದುಕೊಂಡರು, ನಿಧಾನಕ್ಕೆ ತಮ್ಮ ಹಣೆಗೆ ಒಯ್ದರು. ಶಿಲುಬೆ ಗುರುತು ಮಾಡಲು ನೋಡಿದರು. ಒಂದು ಗೆರೆ ಬಂತು. ಅಡ್ಡಗೆರೆ ಹುಬ್ಬಿನ ಮೇಲೆ ಜಾರಿತು.

ಮರುದಿನ ರಾತ್ರಿ ಮೊಬೈಲಿನಲ್ಲಿ ಇನ್ನೊಂದು ಮುದುಕರ ದನಿ ಕೇಳಿದೆ. ಪೋಪ್ ಫ್ರಾನ್ಸಿಸ್ ಫೆಬ್ರವರಿ 14ರಿಂದ ರೋಮ್‌ನ ಆಸ್ಪತ್ರೆಯಲ್ಲಿದ್ದರು. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯ. ಸಂತ ಪೇತ್ರರ ಚೌಕದಲ್ಲಿ ದಿನಾ ರಾತ್ರಿ ಜನ ಅವರಿಗಾಗಿ ಜಪಸರ ಹೇಳುತ್ತಿದ್ದರು. ಮಾರ್ಚ್ 6ರಂದು ಅಲ್ಲಿ ಅವರದ್ದೇ ಒಂದು ಚಿಕ್ಕ ಧ್ವನಿಮುದ್ರಣ ಹಾಕಿದರು. ಸ್ಪ್ಯಾನಿಷ್ ಭಾಷೆ, ನನಗೆ ಒಂದಕ್ಷರ ಬರದು. ಕೇಳಿಸಿದ್ದು ಉಸಿರು. ಒಂದೊಂದು ಪದಕ್ಕೂ ಎಳೆದುಕೊಳ್ಳುವ ಉಸಿರು. ಅದನ್ನು ಬಚ್ಚಿಡದೆ ಲೋಕಕ್ಕೆಲ್ಲಾ ಕೇಳಿಸಿದರಲ್ಲ ಎಂದು ಆಶ್ಚರ್ಯವಾಯಿತು. ಇಲ್ಲಿ ನಾವು ಅಪ್ಪನ ಸೊಟ್ಟ ಬಾಯಿಯನ್ನು ನೆಂಟರಿಂದ ಟವೆಲಿನಲ್ಲಿ ಮುಚ್ಚುತ್ತಿದ್ದೆವು.

ಮೊದಲ ಹತ್ತು ದಿನ ನನಗೆ ಯಾವ ಸಾಂತ್ವನವೂ ಸಿಗಲಿಲ್ಲ. ಪ್ರಾರ್ಥನೆಗೆ ಕೂತರೆ ಹತ್ತೂವರೆಯ ಲೈಟ್ ಆರಿದ ಸದ್ದೇ ಕೇಳುತ್ತಿತ್ತು. ನೋಡಲು ಬಂದವರು ಒಳ್ಳೆಯ ಮನಸ್ಸಿನಿಂದಲೇ ಏನೇನೋ ಹೇಳುತ್ತಿದ್ದರು. "ದೇವರು ಪ್ರೀತಿಸುವವರಿಗೇ ಕಷ್ಟ ಕೊಡೋದು" ಎಂದರು ಒಬ್ಬರು. ಈ ಮಾತು ನನಗೆ ಇಂದಿಗೂ ಆಗುವುದಿಲ್ಲ. ಮಾತು ಕಳೆದುಕೊಂಡು ಮಲಗಿದವನ ಮುಂದೆ ನಿಂತು ಇದು ಪ್ರೀತಿಯ ಗುರುತು ಎನ್ನಬಾರದು. ಯೇಸುಸ್ವಾಮಿ ಕೂಡ ಸಾಯುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ತಂದೆಗೆ ಹಾಗೆ ಹೇಳಲಿಲ್ಲ. ಈ ಯಾತನೆಯ ಬಟ್ಟಲನ್ನು ನನ್ನಿಂದ ದೂರ ಮಾಡಿ ಎಂದರು. ನಿಮ್ಮ ಚಿತ್ತದಂತೆಯೇ ಆಗಲಿ ಎಂದದ್ದು ಅದಾದ ಮೇಲೆ. ನಾವು ಎರಡನೆಯ ಮಾತನ್ನು ಹಿಡಿದುಕೊಂಡು ಮೊದಲನೆಯದನ್ನು ಬಿಟ್ಟುಬಿಡುತ್ತೇವೆ. ಬೇಡ ಎಂದು ಬೇಡಿಕೊಂಡವರು ಅವರು. ಅಷ್ಟು ಗೊತ್ತಾದ ದಿನ ನಾನೂ ಬಾಯಿಬಿಟ್ಟು ಹೇಳಿದೆ, ಇದು ನಮಗೆ ಬೇಡ ಸ್ವಾಮಿ, ತೆಗೆದುಬಿಡಿ ಎಂದು. ಹಾಗೆ ಹೇಳಬಹುದು ಎಂದೇ ನನಗೆ ಅಷ್ಟು ವರ್ಷ ಗೊತ್ತಿರಲಿಲ್ಲ.

ರಾತ್ರಿ ಪಾಳಿಯ ಒಬ್ಬ ನರ್ಸ್ ಬಾಯಿ ಒರೆಸುವುದನ್ನು ಕಲಿಸಿಕೊಟ್ಟರು. ತೋರುಬೆರಳಿಗೆ ಗಾಜ್ ಬಟ್ಟೆ ಸುತ್ತಬೇಕು. ನೀರಿನಲ್ಲಿ ಅದ್ದಿ, ಒಂದು ಹನಿಯೂ ತೊಟ್ಟಿಕ್ಕದ ಹಾಗೆ ಹಿಂಡಬೇಕು. ಮೊದಲು ತುಟಿ, ಆಮೇಲೆ ಕೆನ್ನೆಯ ಒಳಭಾಗ, ವಸಡು, ಕೊನೆಗೆ ನಾಲಿಗೆ. ಎರಡು ಗಂಟೆಗೊಮ್ಮೆ. ಮೊದಲ ಸಲ ಮಾಡುವಾಗ ಕೈ ನಡುಗಿತು. ಚಿಕ್ಕಂದಿನಲ್ಲಿ ನನ್ನ ಬಾಯಿ ಒರೆಸಿದವರ ಬಾಯೊಳಗೆ ನನ್ನ ಬೆರಳು. ನಾಲಿಗೆಗೆ ಒದ್ದೆ ಬಟ್ಟೆ ತಾಗಿದ್ದೇ ತಡ ಅಪ್ಪ ಬಾಯಿ ಮುಚ್ಚಿದರು. ನನ್ನ ಬೆರಳನ್ನು ಹಿಡಿದುಕೊಂಡು ಬಟ್ಟೆಯನ್ನು ಚೀಪತೊಡಗಿದರು, ಕೂಸು ಚೀಪುವ ಹಾಗೆ. ಕಣ್ಣು ಮುಚ್ಚಿತ್ತು. ಆ ಬಟ್ಟೆಯಲ್ಲಿ ನೀರೇ ಇರಲಿಲ್ಲ, ಬರೀ ತಣ್ಣಗಿತ್ತು. ನಾನು ಬೆರಳು ಎಳೆದುಕೊಳ್ಳಲಿಲ್ಲ.

ಆಗ ಬಂತು ನೆನಪು. ಸ್ಪಂಜು.

ರಾತ್ರಿ ಎರಡು ಗಂಟೆಗೆ ಮೊಬೈಲಿನ ಬೆಳಕಿನಲ್ಲಿ ಯೊವಾನ್ನನ ಶುಭಸಂದೇಶ ತೆರೆದೆ. ಹತ್ತೊಂಬತ್ತನೆಯ ಅಧ್ಯಾಯ. ಶಿಲುಬೆಯ ಮೇಲಿಂದ ಯೇಸುಸ್ವಾಮಿ, ನನಗೆ ದಾಹವಾಗಿದೆ ಎನ್ನುತ್ತಾರೆ. ಅಲ್ಲಿ ಒಂದು ಪಾತ್ರೆಯಲ್ಲಿ ಹುಳಿ ದ್ರಾಕ್ಷಾರಸ ಇತ್ತು. ಬಡ ಸಿಪಾಯಿಗಳು ಕುಡಿಯುವ ಅಗ್ಗದ ಪಾನೀಯ. ಅದರಲ್ಲಿ ಸ್ಪಂಜನ್ನು ಅದ್ದಿ, ಹಿಸ್ಸೋಪು ಗಿಡದ ಕಡ್ಡಿಗೆ ಸಿಕ್ಕಿಸಿ ಅವರ ಬಾಯಿಗೆ ಹಿಡಿದರು. ಈ ಭಾಗವನ್ನು ಎಷ್ಟು ಶುಭ ಶುಕ್ರವಾರ ಕೇಳಿದ್ದೇನೋ. ಅದು ಆತ್ಮಗಳಿಗಾಗಿ ದಾಹ, ನಮ್ಮ ಪ್ರೀತಿಗಾಗಿ ದಾಹ ಎಂದು ಪ್ರಸಂಗಗಳಲ್ಲಿ ಕೇಳಿದ್ದೆ. ಇರಬಹುದು, ಅದೂ ನಿಜವೇ. ಆದರೆ ಆ ರಾತ್ರಿ ನನಗೆ ಬೇಕಾದದ್ದು ಅದಲ್ಲ. ರಾತ್ರಿಯೆಲ್ಲಾ ವಿಚಾರಣೆ, ಕೊರಡೆ ಏಟು, ಸುರಿದು ಹೋದ ರಕ್ತ, ಮಧ್ಯಾಹ್ನದ ಬಿಸಿಲು. ಮೈಯಲ್ಲಿ ನೀರಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. ನೀರು ಬೇಕು. ಅಷ್ಟೇ. ಸೃಷ್ಟಿ ಮಾಡಿದವರು ಒಂದು ಗುಟುಕಿಗೆ ಬಾಯಿ ತೆರೆದಿದ್ದಾರೆ, ಕೊಡುವುದು ಬೇರೆಯವರ ಕೈಯಲ್ಲಿದೆ. ಅಪ್ಪನ ಹೆಬ್ಬೆರಳು ನನ್ನ ಕಣ್ಣ ಮುಂದಿತ್ತು.

ಅದೇ ಪುಸ್ತಕದ ನಾಲ್ಕನೆಯ ಅಧ್ಯಾಯಕ್ಕೂ ಹೋದೆ. ಅಲ್ಲಿಯೂ ಅವರು ನೀರು ಕೇಳುತ್ತಾರೆ. ನಡೆದು ದಣಿದು ಯಕೋಬನ ಬಾವಿಯ ಹತ್ತಿರ ಕೂತಿದ್ದಾರೆ, ಮಟಮಟ ಮಧ್ಯಾಹ್ನ. ನೀರು ಸೇದಲು ಬಂದ ಸಮಾರಿಯದ ಹೆಂಗಸಿಗೆ, ಕುಡಿಯಲು ಕೊಡು ಎನ್ನುತ್ತಾರೆ. ಮಾತು ಶುರುವಾಗುತ್ತದೆ, ದೊಡ್ಡ ದೊಡ್ಡ ವಿಷಯಕ್ಕೆ ಹೋಗುತ್ತದೆ. ಕೊನೆಗೆ ಆ ಹೆಂಗಸು ಕೊಡ ಅಲ್ಲೇ ಬಿಟ್ಟು ಊರಿಗೆ ಓಡುತ್ತಾಳೆ. ನಾನು ಮೂರು ಸಲ ಓದಿದೆ. ಅವರು ನೀರು ಕುಡಿದರು ಎಂದು ಎಲ್ಲೂ ಬರೆದಿಲ್ಲ. ಆ ಕೊಡದಿಂದ ಆಮೇಲೆ ಯಾರಾದರೂ ಅವರಿಗೆ ಬಗ್ಗಿಸಿ ಕೊಟ್ಟರೋ ಇಲ್ಲವೋ. ಇಷ್ಟು ವರ್ಷದಲ್ಲಿ ಅದನ್ನು ಕೇಳಿಕೊಳ್ಳಬೇಕು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಆ ರಾತ್ರಿಯ ನಂತರ ಎರಡು ಗಂಟೆಗೊಮ್ಮೆ ಅಲಾರಂ ಹೊಡೆದಾಗ ನನಗೆ ಬೇಸರವಾಗುತ್ತಿರಲಿಲ್ಲ. ಬಟ್ಟೆ ಅದ್ದುವಾಗ ಏನೂ ಪ್ರಾರ್ಥನೆ ಹೇಳುತ್ತಿರಲಿಲ್ಲ. ಹೇಳಬೇಕು ಅನ್ನಿಸುತ್ತಿರಲಿಲ್ಲ. ಅಪ್ಪನ ತುಟಿ ಒದ್ದೆ ಮಾಡುವಾಗ ಇನ್ನೊಂದು ತುಟಿಯೂ ಅಲ್ಲೇ ಇದೆ ಎಂದು ಅನ್ನಿಸುತ್ತಿತ್ತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುತ್ತಿಲ್ಲ.

ಮಾರ್ಚ್ ಮೂರನೆಯ ವಾರ ಅಪ್ಪನನ್ನು ಮನೆಗೆ ಕರೆದುಕೊಂಡು ಬಂದೆವು. ಪೈಪು ಮೂಗಿನಲ್ಲೇ ಇತ್ತು. ಬಾಡಿಗೆಗೆ ಆಸ್ಪತ್ರೆ ಮಂಚ, ಹಗಲಿಗೊಬ್ಬ ಅಟೆಂಡರ್. ಉತ್ತರ ಕರ್ನಾಟಕದ ಹುಡುಗ, ಚರ್ಚಿನ ಒಳಗೆ ಒಮ್ಮೆಯೂ ಕಾಲಿಟ್ಟವನಲ್ಲ. ದುಡಿಯಲು ಬಂದಿದ್ದ, ಬೇರೆ ಕೆಲಸ ಸಿಗದೆ ಇದಕ್ಕೆ ಸೇರಿದ್ದೆ ಎಂದು ಅವನೇ ಹೇಳಿದ. ಅಪ್ಪನನ್ನು ಮಗ್ಗುಲು ಬದಲಿಸುವಾಗ ಅವನು ತನ್ನ ಹೆಗಲನ್ನು ಅವರ ಕಂಕುಳ ಕೆಳಗೆ ಕೊಡುತ್ತಿದ್ದ. ನನಗೆ ಸಿರೇನಿನ ಸಿಮೋನ ನೆನಪಾದ. ಹೊಲದ ಕಡೆಯಿಂದ ಸುಮ್ನೆ ಬರುತ್ತಿದ್ದವನನ್ನು ಹಿಡಿದು ಶಿಲುಬೆ ಹೊರಿಸಿದರು. ಅವನಿಗೆ ಯೇಸುವಿನ ಮೇಲೆ ಪ್ರೀತಿ ಇತ್ತು ಎಂದು ಎಲ್ಲೂ ಹೇಳಿಲ್ಲ. ಬಲವಂತದಿಂದ ಹೊತ್ತ. ಆದರೂ ಭಾರ ಅಷ್ಟು ಕಡಿಮೆಯಾಯಿತು ಅಲ್ವಾ? ನಾನೂ ಎಷ್ಟೋ ದಿನ ಪ್ರೀತಿಯಿಂದ ಮಾಡಲಿಲ್ಲ. ಡಯಾಪರ್ ಬದಲಿಸುವಾಗ ಹಲ್ಲು ಕಚ್ಚಿಕೊಂಡು ಮಾಡಿದ್ದೇನೆ. ಒಮ್ಮೆ ಗದರಿದ್ದೇನೆ ಕೂಡ. ಸಿಮೋನನ ಹೆಗಲು ಸಾಕಾಯಿತು ಎಂದರೆ ನನ್ನದೂ ಸಾಕಾದೀತು ಎಂದುಕೊಂಡೆ.

ಮನೆಗೆ ಬಂದ ಮೊದಲ ಶುಕ್ರವಾರ, ಮಾರ್ಚ್ 21ರ ಸಂಜೆ, ಅಪ್ಪನ ಹಳೆಯ ಶಿಲುಬೆ ಹಾದಿಯ ಪುಸ್ತಕ ತೆಗೆದೆ. ರಟ್ಟು ಹರಿದಿತ್ತು. ಅಂಚಿನಲ್ಲಿ ಅವರ ಪೆನ್ಸಿಲ್ ಗುರುತುಗಳಿದ್ದವು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮಂಡಿಯೂರಬೇಕು ಎಂದು. ಮಂಚದ ಪಕ್ಕ ಕೂತು ನಾನು ಓದಿದೆ. ಮೊದಲನೆಯ ಸ್ಥಳ. "ಕ್ರಿಸ್ತುವೇ, ನಿಮ್ಮನ್ನು ಆರಾಧಿಸಿ ಸ್ತುತಿಸುತ್ತೇವೆ" ಎಂದು ಹೇಳಿ ಅಭ್ಯಾಸದಂತೆ ನಿಲ್ಲಿಸಿದೆ. ಇದಕ್ಕೆ ಜನ ಉತ್ತರ ಹೇಳಬೇಕು. ಅಲ್ಲಿ ಜನ ಯಾರಿದ್ದರು?

ಅಪ್ಪನ ಬಾಯಿಂದ ಒಂದು ಸದ್ದು ಬಂತು. ಮೊದಲು ಕೆಮ್ಮು ಅಂದುಕೊಂಡೆ. ಎರಡನೆಯ ಸ್ಥಳದಲ್ಲಿ ಇನ್ನೂ ಸ್ವಲ್ಪ ಸ್ಪಷ್ಟವಾಯಿತು. ನಾಲ್ಕನೆಯದರ ಹೊತ್ತಿಗೆ ಉತ್ತರದ ಕೊನೆಯ ತುದಿ ಗೊತ್ತಾಗುವ ಹಾಗೆ ಬಂತು: "...ಕ್ಷಿಸಿದ್ದೀರಿ." ಲೋಕವನ್ನು ರಕ್ಷಿಸಿದ್ದೀರಿ. ಇಪ್ಪತ್ತೈದು ದಿನದಲ್ಲಿ ಅವರು ಆಡಿದ ಮೊದಲ ಪದ ಅದು. ಆಮೇಲೆ ಸ್ಪೀಚ್ ಥೆರಪಿಸ್ಟ್ ವಿವರಿಸಿದರು. ಯೋಚಿಸಿ ಆಡುವ ಮಾತು ಹೋದವರಲ್ಲೂ ಬಾಯಿಪಾಠವಾದ ಪ್ರಾರ್ಥನೆ, ಹಾಡು, ಎಣಿಕೆ ಕೆಲವೊಮ್ಮೆ ಉಳಿದಿರುತ್ತದಂತೆ. ನೀರು ಎನ್ನಲು ಆಗದವರು "ನಮೋ ಮರಿಯ" ಪ್ರಾರ್ಥನೆ ಹೇಳಬಲ್ಲರು. ಇಪ್ಪತ್ತು ವರ್ಷ ಮುಂದಾಳಾಗಿ ಹೇಳಿಕೊಟ್ಟವರು ಈಗ ಜನರ ಸಾಲಿನಲ್ಲಿ ಮಲಗಿ ಉತ್ತರ ಕೊಡುತ್ತಿದ್ದರು.

ಆ ಹದಿನಾಲ್ಕು ಸ್ಥಳಗಳಲ್ಲಿ ಮೂರು ಬೀಳುವುದೇ ಇದೆ. ಮೂರನೆಯದು, ಏಳನೆಯದು, ಒಂಬತ್ತನೆಯದು. ಶುಭಸಂದೇಶಗಳಲ್ಲಿ ಯೇಸು ಬಿದ್ದರು ಎಂದು ಎಲ್ಲೂ ಬರೆದಿಲ್ಲ, ದಾರಿಯಲ್ಲಿ ಅವರ ಮುಖ ಒರೆಸಿದ ವೆರೋನಿಕಳ ಕಥೆಯೂ ಅಲ್ಲಿಲ್ಲ. ಎಲ್ಲಾ ಭಕ್ತರ ಪರಂಪರೆಯಿಂದ ಬಂದದ್ದು. ಆದರೆ ನಡೆಯಲಾಗದೆ ಬೇರೆಯವನಿಗೆ ಶಿಲುಬೆ ಹೊರಿಸಬೇಕಾಯಿತು ಎಂದರೆ ಬಿದ್ದೇ ಇರುತ್ತಾರೆ ಎಂದು ಜನ ಊಹಿಸಿದರೇನೋ. ಬಿದ್ದವರನ್ನು ಎತ್ತಿದವರಿಗೆ ಅದು ಗೊತ್ತಿರುತ್ತದೆ. ಫಿಸಿಯೋಥೆರಪಿಯವರು ಅಪ್ಪನನ್ನು ಮೊದಲ ಸಲ ಮಂಚದ ಅಂಚಿನಲ್ಲಿ ಕೂರಿಸಿದಾಗ ಅವರು ಬಲಕ್ಕೆ ವಾಲಿ ವಾಲಿ ಬಿದ್ದರು. ಮೂರು ಸಲ ಅಲ್ಲ, ಆರೇಳು ಸಲ.

ಏಪ್ರಿಲ್ 6, ತಪಸ್ಸುಕಾಲದ ಐದನೆಯ ಭಾನುವಾರ. ಧರ್ಮಸಭೆ ಆಚರಿಸುತ್ತಿದ್ದ ಜೂಬಿಲಿ ವರ್ಷದಲ್ಲಿ ರೋಗಿಗಳಿಗೆಂದೇ ಇಟ್ಟ ದಿನ. ರೋಮ್‌ನ ಬಲಿಪೂಜೆಯ ಕೊನೆಗೆ ಯಾರೂ ನಿರೀಕ್ಷಿಸದೆ ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲಿ ಬಂದರು. ಆಸ್ಪತ್ರೆಯಿಂದ ಬಿಟ್ಟು ಎರಡು ವಾರವಾಗಿತ್ತು. ಮೂಗಿನಲ್ಲಿ ಆಮ್ಲಜನಕದ ಪೈಪು. ಟಿವಿ ಅಪ್ಪನ ಮಂಚದ ಎದುರಿಗಿತ್ತು. ಅಪ್ಪ ಎಡಗೈ ಎತ್ತಿ ಟಿವಿಯ ಕಡೆ ತೋರಿಸಿದರು. ಆಮೇಲೆ ತಮ್ಮ ಮೂಗಿನ ಪೈಪು ಮುಟ್ಟಿಕೊಂಡರು. ಮತ್ತೆ ಟಿವಿ, ಮತ್ತೆ ಮೂಗು. ಮುಖದ ಎಡಭಾಗ ನಕ್ಕಿತು. ಅವತ್ತಿನಿಂದ ನೆಂಟರು ಬಂದರೆ ಟವೆಲ್ ಮುಚ್ಚುವುದನ್ನು ಬಿಟ್ಟೆವು.

ಇಷ್ಟೆಲ್ಲಾ ಆದರೂ ಹತ್ತೂವರೆಯ ರಾತ್ರಿ ನನ್ನನ್ನು ಬಿಟ್ಟಿರಲಿಲ್ಲ. ಅದರ ಕೋಪವನ್ನು ನಾನು ತಮ್ಮನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅವನು ಆಸ್ಪತ್ರೆಗೆ ಬಂದರೆ ಅಪ್ಪನ ಹತ್ತಿರ ಹತ್ತು ನಿಮಿಷ ನಿಲ್ಲುತ್ತಿದ್ದ. ಆಮೇಲೆ ಕೆಳಗೆ ಹೋಗಿ ಕಾರಿನಲ್ಲಿ ಮಲಗಿಬಿಡುತ್ತಿದ್ದ. ಮನೆಗೆ ಬಂದ ಮೇಲೂ ಅಷ್ಟೆ, ಸೋಫಾದಲ್ಲಿ ಮಲಗಿದರೆ ಏಳುತ್ತಿರಲಿಲ್ಲ. ಅವನೊಡನೆ ಮಾತು ಬಿಟ್ಟಿದ್ದೆ.

ಏಪ್ರಿಲ್ 13, ಪವಿತ್ರ ವಾರ ಶುರುವಾಗುವ ಗರಿಗಳ ಭಾನುವಾರ. ಆ ವರ್ಷ ಲೂಕನು ಬರೆದ ಯಾತನೆಯ ವೃತ್ತಾಂತ ಓದುವ ಸರದಿ. ಗರಿ ಹಿಡಿದು ನಿಂತು ಕೇಳುತ್ತಿದ್ದೆ. ತೋಟದಲ್ಲಿ ಯೇಸುಸ್ವಾಮಿ ಮಂಡಿಯೂರುತ್ತಾರೆ. ದೇವದೂತ ಬಂದು ಬಲ ಕೊಡುತ್ತಾನೆ. ಆದರೆ ಬಲ ಬಂದ ಮೇಲೆಯೇ ಯಾತನೆ ಇನ್ನೂ ಹೆಚ್ಚಾಗುತ್ತದೆ, ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬೀಳುತ್ತದೆ. ಸಾಂತ್ವನ ಬಂತು, ನೋವು ಹೋಗಲಿಲ್ಲ. ನನಗೆ ಇದು ಅರ್ಥವಾಯಿತು. ಆಮೇಲೆ ಅವರು ಎದ್ದು ಶಿಷ್ಯರ ಹತ್ತಿರ ಬರುತ್ತಾರೆ. ಶಿಷ್ಯರು ಮಲಗಿದ್ದಾರೆ. ಯಾಕೆ ಮಲಗಿದರು ಎಂಬುದಕ್ಕೆ ಲೂಕ ಒಂದು ಮಾತು ಸೇರಿಸುತ್ತಾನೆ, ಶುಭಸಂದೇಶ ಬರೆದ ಉಳಿದ ಮೂವರು ಬರೆಯದ ಮಾತು. ದುಃಖದಿಂದ ಬಳಲಿ ಮಲಗಿದ್ದರು.

ದುಃಖದಿಂದ. ನಾನು ತಿರುಗಿ ನೋಡಿದೆ. ತಮ್ಮ ಎರಡು ಸಾಲು ಹಿಂದೆ ನಿಂತಿದ್ದ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವನು ಅಪ್ಪನ ಮುದ್ದಿನ ಮಗ. ಆ ಸೊಟ್ಟ ಬಾಯಿಯನ್ನು ಹತ್ತು ನಿಮಿಷಕ್ಕಿಂತ ಜಾಸ್ತಿ ನೋಡಲಾಗದೆ ಹೋಗಿ ಮಲಗುತ್ತಿದ್ದ, ಅಷ್ಟೇ. ನಾನು ಒಂದೂವರೆ ತಿಂಗಳಿಂದ ಅದನ್ನು ಸೋಮಾರಿತನ ಎಂದುಕೊಂಡಿದ್ದೆ.

ಅವನಿಗೆ ಮಾಫಿ ಕೊಡುವುದು ಸುಲಭವಾಯಿತು. ನನಗೆ ಕೊಟ್ಟುಕೊಳ್ಳುವುದು ಕಷ್ಟ. ನಾನು ದುಃಖದಿಂದ ಮಲಗಿರಲಿಲ್ಲ, ಬರೀ ಸುಸ್ತಿನಿಂದ ಮಲಗಿದ್ದೆ. ಪವಿತ್ರ ಗುರುವಾರ ರಾತ್ರಿ ಚರ್ಚಿನಲ್ಲಿ ಆರಾಧನೆ ಇರುತ್ತದೆ, ಒಂದು ಗಂಟೆ ಎಚ್ಚರವಾಗಿರಲಾಗಲಿಲ್ಲವೇ ಎಂದು ಯೇಸುಸ್ವಾಮಿ ತೋಟದಲ್ಲಿ ಕೇಳಿದ ಮಾತನ್ನು ನೆನೆದು ಜನ ಸರದಿಯಲ್ಲಿ ಕೂರುತ್ತಾರೆ. ನಾನು ಹೋಗಲಿಲ್ಲ. ಹತ್ತೂವರೆಗೆ ಅಪ್ಪನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ, ಹೋದ ಗಂಟೆಯನ್ನು ವಾಪಸ್ ಕೊಡುವವನ ಹಾಗೆ. ಮಾರ್ಕನ ಶುಭಸಂದೇಶ ತೊಡೆಯ ಮೇಲಿತ್ತು. ಅಲ್ಲಿ ಯೇಸುಸ್ವಾಮಿ ಮೂರು ಸಲ ಬಂದು ನೋಡುತ್ತಾರೆ, ಮೂರು ಸಲವೂ ಶಿಷ್ಯರು ಮಲಗಿರುತ್ತಾರೆ. ಮನಸ್ಸಿಗೆ ಆಸೆ ಇದೆ, ಮೈಗೆ ಬಲ ಇಲ್ಲ ಎಂದು ಯೇಸುಸ್ವಾಮಿಯೇ ಅವರ ಪರವಾಗಿ ಹೇಳುತ್ತಾರೆ. ಮೈಗೆ ಬಲ ಇಲ್ಲದಿರುವುದು ಏನೆಂದು ಆ ಗಳಿಗೆಯಲ್ಲಿ ಅವರಿಗೂ ಗೊತ್ತಿತ್ತು. ಕೊನೆಗೆ ಅವರು, ಹೋಗಿ, ನೀವು ನನಗೆ ಬೇಡ ಎನ್ನುವುದಿಲ್ಲ. ಏಳಿ, ಹೋಗೋಣ ಎನ್ನುತ್ತಾರೆ. ಹೋಗೋಣ. ಮಲಗಿದ್ದವರನ್ನೂ ಸೇರಿಸಿಕೊಂಡು.

ಅದನ್ನು ಓದಿ ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅಳುತ್ತಲೇ ನಿದ್ದೆ ಬಂದಿರಬೇಕು. ಎಚ್ಚರವಾದಾಗ ಮೂರು ಗಂಟೆ. ಕತ್ತು ಹಿಡಿದುಕೊಂಡಿತ್ತು. ಅಪ್ಪ ಎಚ್ಚರವಾಗಿದ್ದರು. ನನ್ನನ್ನೇ ನೋಡುತ್ತಿದ್ದರು. ಅವರ ಹೊದಿಕೆಯ ಒಂದು ತುದಿ ನನ್ನ ಮೊಣಕಾಲ ಮೇಲಿತ್ತು, ಎಡಗೈಯಿಂದ ಎಷ್ಟು ಎಳೆಯಲು ಆಗುತ್ತದೋ ಅಷ್ಟು.

ಆ ವಾರವೇ ಸ್ಪೀಚ್ ಥೆರಪಿಸ್ಟ್ ಮನೆಗೆ ಬಂದು ನುಂಗುವುದನ್ನು ಪರೀಕ್ಷೆ ಮಾಡಿದ್ದರು. ಗಂಟಲ ಮೇಲೆ ಬೆರಳಿಟ್ಟು, ಚಮಚದ ತುದಿಯಲ್ಲಿ ಕೊಟ್ಟು ನೋಡಿದ್ದರು. ಬರೀ ನೀರು ಇನ್ನೂ ಬೇಡ, ತೆಳು ನೀರು ಬೇಗ ಜಾರಿ ತಪ್ಪು ದಾರಿ ಹಿಡಿಯುತ್ತದೆ. ಗಟ್ಟಿ ಮಾಡುವ ಪುಡಿ ಕಲಸಿ ಜೇನಿನಷ್ಟು ಮಂದವಾದ ಮೇಲೆ, ಕೂರಿಸಿ, ಗಲ್ಲ ಸ್ವಲ್ಪ ಕೆಳಗೆ ಮಾಡಿ, ದಿನಕ್ಕೆ ಐದು ಚಮಚ. ಶುಭ ಶುಕ್ರವಾರ ಮೂರು ಗಂಟೆಗೆ ತಮ್ಮ ಚರ್ಚಿಗೆ ಹೋದ. ಅಲ್ಲಿ ಗುರುಗಳು ಒಂದು ಮಾತೂ ಇಲ್ಲದೆ ಬರಿದಾದ ಪೀಠದ ಮುಂದೆ ನೆಲಕ್ಕೆ ಅಡ್ಡಬೀಳುವ ಹೊತ್ತಿಗೆ ನಾನು ಇಲ್ಲಿ ಅಪ್ಪನ ಬೆನ್ನಿಗೆ ದಿಂಬು ಕೊಡುತ್ತಿದ್ದೆ. ಮೊದಲ ಚಮಚ. ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯಿತು. ಕೆಮ್ಮು ಬರಲಿಲ್ಲ. ಎರಡನೆಯ ಚಮಚಕ್ಕೆ ಅವರೇ ಬಾಯಿ ತೆರೆದರು.

ಪಾಸ್ಖ ಹಬ್ಬ ಹೇಗಿತ್ತು ಎಂದರೆ, ಅಪ್ಪನ ಬಲಗೈ ಮೇಲೇಳಲಿಲ್ಲ, ಪೈಪು ತೆಗೆಯಲಿಲ್ಲ. ತಮ್ಮ ಬಿರಿಯಾನಿ ತಂದ, ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ತಿಂದೆವು. ಅವನೊಡನೆ ಕೂತು ತುಂಬಾ ಮಾತಾಡಿದೆ. ಹತ್ತೂವರೆಯ ವಿಷಯವನ್ನು ಅವತ್ತು 20ನೇ ತಾರೀಕು ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವನು ನನ್ನ ಭುಜ ಹಿಡಿದುಕೊಂಡ.

ಮರುದಿನ ಸೋಮವಾರ ಮಧ್ಯಾಹ್ನ ಟಿವಿಯಲ್ಲಿ ಸುದ್ದಿ ಬಂತು. ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಹಿಂದಿನ ದಿನ ತಾನೇ ಬಾಲ್ಕನಿಯಲ್ಲಿ ಕಾಣಿಸಿಕೊಂಡಿದ್ದರು. ನಾನು ಚಾನೆಲ್ ಬದಲಿಸಲು ಹೋದೆ. ಅಪ್ಪ ಬೇಡ ಎಂದು ಕೈ ಆಡಿಸಿದರು. ಎಡಗೈಯಲ್ಲಿ ಶಿಲುಬೆ ಗುರುತು ಮಾಡಿಕೊಂಡರು. ಈ ಸಲ ಅಡ್ಡಗೆರೆ ಜಾರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದರು.

ಲೋಟಕ್ಕೆ ನೀರು ಹಾಕಿ ಪುಡಿ ಕಲಸಿದೆ. ಮಂದವಾಗಲು ಎರಡು ನಿಮಿಷ ಬೇಕು. ತಮ್ಮ ಬಂದು ಅಪ್ಪನ ಬೆನ್ನಿಗೆ ಕೈ ಕೊಟ್ಟು ಕೂರಿಸಿದ. ಮೂವರೂ ಲೋಟವನ್ನೇ ನೋಡುತ್ತಾ ಕಾದೆವು.